ನೀರುಗಂಟಿ ಎತೆಲ್ವಿನಾಳ ಎರಡನೇ ಸಾಕ್ಷಿ

ನಮ್ಮ ಉಂಬ್ರಿಯಾಕ್ಕೆ ಈಗಲೂ ಪಟ್ಟಣದಿಂದ ಜನ ಬರುತ್ತಾರೆ, ಗಣಿ ಕಂಪನಿಯನ್ನು ಓಡಿಸಿದ ಊರು ಹೇಗಿದೆ ಅಂತ ನೋಡಲು. ಬಂದವರು ಮೊದಲು ಕೇಳುವುದು ದೋನ್ ಅಬ್ದೋನ್ ತೋಕ್ತೋನನ್ನು. ಸೇತುವೆಯ ಮೇಲೆ ಹದಿನೇಳು ದಿನ ನಮ್ಮನ್ನೆಲ್ಲ ಕೂರಿಸಿದವನು ಅವನೇ. ಪೊಲೀಸ್ ಲಾರಿಯ ಮುಂದೆ ಹೆಗಲ ಪೊಂಚೋ ಕಂಬಳಿ ಹರಡಿ ನಿಂತ ಫೋಟೋ ಇರುವುದೂ ಅವನದೇ. ತಪ್ಪೇನಿಲ್ಲ. ನಾನೂ ಆ ಫೋಟೋದ ಮೂಲೆಯಲ್ಲಿದ್ದೇನೆ, ಅರ್ಧ ಕಿವಿ ಕಾಣುತ್ತದೆ. ಆದರೆ ನನ್ನನ್ನು ಬರೆಯಲು ಕೂರಿಸಿದರೆ ನಾನು ಬರೆಯುವುದು ಎತೆಲ್ವಿನಾ ಚುಕಿವಾಂಗಾಳ ಬಗ್ಗೆ. ಅವಳು ಯಾವ ಫೋಟೋದಲ್ಲೂ ಇಲ್ಲ. ಫೋಟೋ ತೆಗೆಯುವ ಹೊತ್ತಿಗೆ ಅವಳು ಸೇತುವೆಯ ಕೆಳಗೆ ಹೊಳೆಯಲ್ಲಿ ಕೂತು ಮುನ್ನೂರು ಜನ ಉಂಡ ಪಾತ್ರೆಗಳ ತಳ ತಿಕ್ಕುತ್ತಿದ್ದಳು.

ಆಳು ಕುಳ್ಳಿ. ನಡಿಗೆ ಮಾತ್ರ ಹೇಸರಗತ್ತೆಯದು, ಏರಿದ್ದರೂ ಇಳಿಜಾರಿದ್ದರೂ ಒಂದೇ ಸಮ. ಎಡಗೈಯಲ್ಲಿ ಮೂರೇ ಬೆರಳು. ಉಳಿದೆರಡು ಹದಿನಾಲ್ಕನೇ ವಯಸ್ಸಿನಲ್ಲಿ ಕಬ್ಬಿನ ಗಾಣಕ್ಕೆ ಹೋದವು. ಕಬ್ಬು ಕೊಡುತ್ತಿದ್ದಾಗ ಎತ್ತು ಬೆದರಿತು, ಅಷ್ಟೇ. "ಅವತ್ತಿನ ಬೆಲ್ಲ ಸ್ವಲ್ಪ ಕೆಂಪಾಗಿತ್ತು, ಆದ್ರೂ ಸಂತೇಲಿ ಮಾರಿದ್ರು" ಅಂತ ಅವಳೇ ಹೇಳಿ ನಗುತ್ತಾಳೆ. ಗಂಡ ಕರಾವಳಿಯ ಭತ್ತದ ಕೊಯ್ಲಿಗೆ ಕೂಲಿಗೆ ಹೋದವನು ಅಲ್ಲೇ ಇನ್ನೊಂದು ಒಲೆ ಹಚ್ಚಿಕೊಂಡ. ಊರಿನ ಹೆಂಗಸರು ಸಮಾಧಾನ ಹೇಳಲು ಹೋದರೆ ಇವಳು ಮನೆಯಲ್ಲಿ ಸಾಕಿದ ಕುಯಿ ಇಲಿಗಳಿಗೆ ಹುಲ್ಲು ಹಾಕುತ್ತಾ, "ಅಳೋಕೆ ಪುರುಸೊತ್ತಿಲ್ಲ, ಕಾಫಿ ಕುಡಿದು ಹೋಗಿ" ಅಂದಳಂತೆ. ಮಗಳು ನೆಲಿದಾಳನ್ನು ಒಬ್ಬಳೇ ಸಾಕಿದಳು. ಆ ಮಗುವಿನ ಜ್ಞಾನಸ್ನಾನದಲ್ಲಿ ತಲೆ ಹಿಡಿದವನು ಇದೇ ಅಬ್ದೋನ್. ಹಾಗಾಗಿ ಅವಳಿಗೆ ಅವನು ಕುಂಪಾ, ಅವನಿಗೆ ಅವಳು ಕುಮಾ. ನಮ್ಮ ಕಡೆ ಆ ನಂಟು ಒಡಹುಟ್ಟಿದವರ ನಂಟಿಗಿಂತ ಬಿಗಿ. ಕುಂಪಾನ ಮೇಲೆ ದೂರು ಹೇಳುವುದೆಂದರೆ ಮಗುವಿನ ತಲೆಯ ಮೇಲಿನ ನೀರನ್ನು ಒರೆಸಿ ಹಾಕಿದ ಹಾಗೆ.

ಅವಳು ನೀರುಗಂಟಿಯಾದದ್ದು ಹೀಗೆ. ನಮ್ಮ ಕಾಲುವೆ ಮೇಲಿನ ಮಂಜುಗಾಡಿನಿಂದ ಬರುತ್ತದೆ. ಅಜ್ಜಂದಿರು ಬಂಡೆಗೆ ಬೆಂಕಿ ಹಾಕಿ, ತಣ್ಣೀರು ಹೊಡೆದು, ಸೀಳಿ ತಂದ ಕಾಲುವೆ. ಎಂಬತ್ತೆರಡು ಮನೆಗೆ ಸರದಿಯ ಮೇಲೆ ನೀರು. ಹಿಂದಿನ ಮೂವರು ನೀರುಗಂಟಿಗಳೂ ಗಂಡಸರೇ. ಮೂವರೂ ಒಂದು ಬಾಟಲಿ ಕಬ್ಬಿನ ಸಾರಾಯಿಗೆ ಯಾರದ್ದೋ ಸರದಿಯನ್ನು ಯಾರಿಗೋ ತಿರುಗಿಸಿದವರು. ಮೂರನೆಯವನನ್ನು ಇಳಿಸಿದ ದಿನ ರೋಂದಾದ ಸಭೆಯಲ್ಲಿ ಅಧ್ಯಕ್ಷ ಅಬ್ದೋನ್ ಎದ್ದು, "ಎತೆಲ್ವಿನಾ ಆಗಲಿ. ಕುಡಿಯಲ್ಲ, ಮಾತೂ ಕಮ್ಮಿ" ಅಂದ. ರೋಂದಾ ಅಂದರೆ ನಮ್ಮ ಕಾವಲು, ನಮ್ಮ ನ್ಯಾಯ, ಎಲ್ಲವೂ. ಬೆಟ್ಟಕ್ಕೆ ಪೊಲೀಸರು ಬರುವುದಿಲ್ಲ, ಬಂದರೆ ಕಂಪನಿಯ ಜೊತೆ ಬರುತ್ತಾರೆ. ಅದರ ಪುಸ್ತಕ ಬರೆಯುವವನು ನಾನು. ಅಬ್ದೋನ್ ಅವಳ ಹೆಸರು ಹೇಳಿದ್ದು ಯಾಕೆ ಅಂತ ನನಗೆ ಗೊತ್ತಿತ್ತು. ಕುಮಾ, ಹೇಳಿದ ಹಾಗೆ ಕೇಳಿಕೊಂಡಿರುತ್ತಾಳೆ ಅನ್ನೋ ಲೆಕ್ಕ. ಕರಿಮರದ ಕೋಲು ಅವಳ ಕೈಗೆ ಬಂತು. ಅವಳು ಅದನ್ನು ನೆಲಕ್ಕೆ ಒಂದು ಸಲ ಕುಟ್ಟಿ ನೋಡಿ, "ಗಟ್ಟಿ ಇದೆ" ಅಂದಳು. ಅವಳ ಅಧಿಕಾರ ಸ್ವೀಕಾರದ ಭಾಷಣ ಅಷ್ಟೇ.

ಕಾಲುವೆಯ ಅರ್ಧದಾರಿಯಲ್ಲಿ ಒಂದು ತಿರುವಿದೆ. ಅಲ್ಲಿ ಬಿದಿರು ಒತ್ತಾಗಿದೆ, ಮಂಜು ಮಧ್ಯಾಹ್ನದವರೆಗೂ ಏಳುವುದಿಲ್ಲ. ದಾರಿಯಿಂದ ಎರಡಾಳು ಕೆಳಗೆ ಒಂದು ತೂಬು. ಅದರ ಹಲಗೆಯನ್ನು ನಾಲ್ಕು ಬೆರಳು ಎತ್ತಿದರೆ ಸಾಕು, ಮೇಲಿನ ಹೊಲದವರ ನೀರು ಸದ್ದಿಲ್ಲದೆ ಕೆಳಗಿನ ಕಬ್ಬಿಗೆ ಇಳಿಯುತ್ತದೆ. ನೀರು ಕದಿಯುವವರಿಗೆಲ್ಲ ಅದೇ ಜಾಗ. ಎತೆಲ್ವಿನಾಗೆ ಅಲ್ಲಿ ಕಾವಲಿಗೆ ಸಿಕ್ಕಿದ್ದು ಒಂದು ಹಕ್ಕಿ. ಹೆಬ್ಬೆರಳಿಗಿಂತ ತುಸು ದೊಡ್ಡದು, ಹಳದಿ ಹೊಟ್ಟೆ, ಬೂದು ಕತ್ತು, ತಲೆಯ ಮೇಲೆ ಮೂರು ಕರೀ ಪಟ್ಟೆ. ಪಟ್ಟೆ ನೋಡಿ ನಾವು ಅದನ್ನು ಹವಾಲ್ದಾರ ಅನ್ನುತ್ತೇವೆ. ಕಾಡೊಳಗೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಬಿದಿರಿನ ಬುಡದಲ್ಲೇ ಜೋಡಿಯಾಗಿ ಹುಳ ಹೆಕ್ಕಿಕೊಂಡು ಓಡಾಡುತ್ತದೆ. ಆದರೆ ಅದರ ಜಾಗದೊಳಗೆ ಕಾಲಿಟ್ಟಿರೋ, ಗಂಡು ಹೆಣ್ಣು ಎರಡೂ ಸೇರಿ ಚಿಟ್ ಚಿಟ್ ಚಿಟ್ ಅಂತ ಬೈಯುವ ರಭಸಕ್ಕೆ ಆಚೆ ಗುಡ್ಡದವರಿಗೂ ಗೊತ್ತಾಗಬೇಕು.

ಕೋಲು ಹಿಡಿದ ಮೊದಲ ತಿಂಗಳಲ್ಲೇ ಅವಳು ಹಾಗೆ ಒಬ್ಬನನ್ನು ಹಿಡಿದಳು. ದೋನ್ಯಾ ಕ್ಲೋರಿಂದಾ ಅಂತ ಒಬ್ಬ ಮುದುಕಿ, ಮೇಲಿನ ಹೊಲದಲ್ಲಿ ಬೀನ್ಸ್ ಬೆಳೆಯುತ್ತಾಳೆ. ನಾಲಿಗೆ ಮಚ್ಚಿನ ಹಾಗೆ. ಅವಳ ತಮ್ಮನ ಮಗನೇ ಬಿದಿರಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. "ಮೂತ್ರಕ್ಕೆ ಕೂತಿದ್ದೆ" ಅಂದ. "ಗಂಡಸು ಕೂತು ಮಾಡೋದು ಯಾವಾಗಿಂದ?" ಅಂದಳು ಎತೆಲ್ವಿನಾ. ಆಮೇಲೆ ಇನ್ನೂ ಮೂವರು ಸಿಕ್ಕಿಬಿದ್ದರು. ಊರವರು ಹಕ್ಕಿಗೆ ಚಾಡಿಕೋರ ಅಂತ ಬೈಯತೊಡಗಿದರು. ಅವಳನ್ನು ಮಾತ್ರ ಆ ಹಕ್ಕಿ ಬೈಯುತ್ತಿರಲಿಲ್ಲ. ದಿನಕ್ಕೆರಡು ಸಲ ತೂಬಿನವರೆಗೆ ಇಳಿದು ಹತ್ತುವ ಆ ಹೆಜ್ಜೆ ಅದಕ್ಕೆ ರೂಢಿಯಾಗಿತ್ತು.

ಪ್ರತಿ ಜನವರಿ ನಾವು ಮಿಂಗಾ ಮಾಡುತ್ತೇವೆ. ಮನೆಗೊಬ್ಬರು ಮಚ್ಚು ತಂದು ಕಾಲುವೆಯ ದಂಡೆ ಬೋಳಿಸಬೇಕು. ಕೆನ್ನೆ ಬೋಳಿಸಿದ ಹಾಗೆ ಇರಬೇಕು ದಂಡೆ, ಒಂದು ಎಲೆ ಉಳಿದರೂ ಸೋಮಾರಿ ಅನ್ನುತ್ತಾರೆ. ಎತೆಲ್ವಿನಾ ಆ ತಿರುವಿನಲ್ಲಿ ಹತ್ತು ಮಾರು ಜರಿಗಿಡವನ್ನು ಹಾಗೇ ಬಿಟ್ಟಳು. ಹಕ್ಕಿ ಪ್ರತಿವರ್ಷ ಆ ಜರಿಯ ಬುಡದಲ್ಲೇ ಎಲ್ಲೋ ಒಂದು ಕಡೆ ಗೂಡು ಕಟ್ಟುತ್ತಿತ್ತು.

"ಏನವ್ವ ನೀರುಗಂಟಿ, ಒಂದು ಕಡೆ ಮೀಸೆ ಬಿಟ್ಟುಬಿಟ್ಟೆ?" ಅಂತ ಗಂಡಸರು ನಕ್ಕರು.

"ನನ್ನ ಸ್ಟೇಶನ್ ಅದು. ಹವಾಲ್ದಾರನಿಗೆ ಸೂರು ಬೇಡ್ವಾ?" ಅಂದಳು. ಪ್ರೀತಿ ಗೀತಿ ಅಂತ ತಿಳಿಯಬೇಡಿ. ಅವಳಿಗೆ ಹಕ್ಕಿಯಿಂದ ಕೆಲಸವಿತ್ತು, ಕೆಲಸದವನಿಗೆ ಜಾಗ ಕೊಟ್ಟಳು.

ಆ ವರ್ಷ ನಮ್ಮ ಮಳೆಗಾಲದ ಫೆಬ್ರವರಿ ಬಂದರೂ ಮಳೆ ಮೇಲಿನ ಕಾಡು ಬಿಟ್ಟು ಕೆಳಗಿಳಿಯಲಿಲ್ಲ. ಎಲ್ಲರ ಕಣ್ಣೂ ಕಾಲುವೆಯ ಮೇಲೆ. ಒಂದು ಗುರುವಾರ ಬೆಳಿಗ್ಗೆ, ಕ್ಲೋರಿಂದಾಳ ಸರದಿಯ ದಿನ, ಎತೆಲ್ವಿನಾ ತಿರುವಿಗೆ ಇನ್ನೂ ಕೂಗಳತೆ ದೂರದಲ್ಲಿರುವಾಗಲೇ ಹಕ್ಕಿ ಬೈಯಲು ಶುರುಮಾಡಿತು. ಓಡಿದಳು. ಮಂಜಿನೊಳಗಿಂದ ದಾರಿಗೆ ಹತ್ತಿಬಂದದ್ದು ಅಬ್ದೋನ್. ಹೆಗಲ ಮೇಲೆ ಗುದ್ದಲಿ.

"ಏನ್ ಕುಂಪಾ, ಇಷ್ಟೊತ್ತಿಗೇ ಈ ಕಡೆ?"

"ರೋಂದಾ, ಕುಮಾ. ಅಧ್ಯಕ್ಷ ಆದವನಿಗೆ ನಿದ್ದೆ ಎಲ್ಲಿ?"

"ಗುದ್ದಲಿ ಯಾಕೆ?"

"ನಾಯಿ ಕಾಟ."

ಅವನು ಹೋದ ಮೇಲೆ ಅವಳು ಇಳಿದು ನೋಡಿದಳು. ಹಲಗೆ ಎದ್ದಿತ್ತು. ಕ್ಲೋರಿಂದಾಳ ನೀರು ಅಬ್ದೋನನ ಕಬ್ಬಿನ ಕಡೆ ಹೋಗುತ್ತಿತ್ತು. ಕೆಸರಿನಲ್ಲಿ ಟೈರ್ ಚಪ್ಪಲಿಯ ಗುರುತು. ಅದರಿಂದ ಏನೂ ಸಾಬೀತಾಗುವುದಿಲ್ಲ, ಊರಿಗೆಲ್ಲ ಒಂದೇ ಅಂಗಡಿಯ ಚಪ್ಪಲಿ. ಆದರೆ ಅವಳು ಇನ್ನೊಂದು ನೋಡಿದಳು. ಹೆಜ್ಜೆಗಳು ಒಂದೇ ಅಳತೆಯಲ್ಲಿ ಇಳಿದು, ಜರಿಯ ನಡುವೆ ಒಂದು ಕಡೆ ಮಾತ್ರ ಉದ್ದಕ್ಕೆ ಹಾರಿದ್ದವು. ಅಲ್ಲಿ, ಪಾಚಿಯ ಮುದ್ದೆಯ ಹಾಗೆ, ಗೂಡಿತ್ತು. ಬಂದವನು ಗೂಡು ಕಂಡು, ಅದನ್ನು ಮೆಟ್ಟದೆ ದಾಟಿದ್ದ.

ಅವತ್ತೇ ನನ್ನ ಮನೆ ಬಾಗಿಲಿಗೆ ಬಂದಳು. ನಾನು ಬೇಯಿಸಿದ ಜೋಳ, ಗಿಣ್ಣು ತಿನ್ನುತ್ತಾ ಕೂತಿದ್ದೆ.

"ಪುಸ್ತಕ ತೆಗೀರಿ. ದೂರು ಬರ್ಕೊಳ್ಳಿ."

ಹೆಸರು ಕೇಳಿ ಜೋಳದ ತಟ್ಟೆ ಪಕ್ಕಕ್ಕಿಟ್ಟೆ. "ಬೇಡ ಕಣವ್ವ. ಅಬ್ದೋನ್ ಅಂದ್ರೆ ಸುಮ್ನೇನಾ? ಕಂಪನಿಯವರಿಗೆ ಗೊತ್ತಾದ್ರೆ ಹಬ್ಬ ಮಾಡ್ತಾರೆ. ನಾಕು ಬಿಂದಿಗೆ ನೀರಿಗೆ ಊರಿನ ಮಾನ ಕಳೀಬೇಡ."

"ಕ್ಲೋರಿಂದಾಳ ತಮ್ಮನ ಮಗ ಇಷ್ಟೇ ನೀರು ತೆಗೆದಾಗ ನೀವೇ ಬರ್ಕೊಂಡ್ರಿ. ಆಗ ಪೆನ್ನಲ್ಲಿ ಇಂಕ್ ಇತ್ತು."

"ಸಾಕ್ಷಿ?"

"ನೀವು ಬರೀರಿ."

ಬರೆದೆ. ಎರಡು ಕಡೆ ಹೊಡೆದು ಹಾಕಿ ಬರೆದದ್ದು ಆ ಪುಟದಲ್ಲಿ ಈಗಲೂ ಕಾಣುತ್ತದೆ. ಯಾಕೆಂದರೆ ನಿಯಮ ನನಗೆ ಬಾಯಿಪಾಠ. ಸೇತುವೆಯ ಕಾಲದಲ್ಲಿ ಕಂಪನಿಯ ಚೇಲಾಗಳು ನಮ್ಮ ಮುಂದಾಳುಗಳ ಮೇಲೆ ಸುಳ್ಳು ದೂರು ಕೊಡುತ್ತಿದ್ದರು, ಅದಕ್ಕಾಗಿ ಅಬ್ದೋನನೇ ತಂದ ನಿಯಮ ಅದು. ದೂರಿಗೆ ಎರಡು ಸಾಕ್ಷಿ ಬೇಕು. ತರಲಾಗದಿದ್ದರೆ ದೂರಿದವರು ತಮ್ಮ ಕೈಲಿರುವ ಹುದ್ದೆಯನ್ನು ಸಭೆಯ ಮುಂದೆ ಇಟ್ಟು ಹೋಗಬೇಕು. ಎತೆಲ್ವಿನಾಳ ಕೈಲಿದ್ದದ್ದು ಆ ಕೋಲು ಒಂದೇ.

ಭಾನುವಾರ ಶಾಲೆಯ ಅಂಗಳದಲ್ಲಿ ಸಭೆ. ಅಬ್ದೋನ್ ಅಧ್ಯಕ್ಷನ ಕುರ್ಚಿಯಿಂದ ತಾನಾಗಿಯೇ ಎದ್ದ. "ನನ್ನ ಮೇಲಿನ ದೂರಿಗೆ ನಾನೇ ಕೂರೋದು ಸರಿಯಲ್ಲ. ನಿಯಮ ಓದಪ್ಪ" ಅಂದ ನನಗೆ. ಓದಿದೆ.

"ಒಂದನೇ ಸಾಕ್ಷಿ ನಾನು" ಅಂದಳು ಎತೆಲ್ವಿನಾ. "ಎರಡನೇದು ಮೇಲಿದೆ."

"ಯಾರದು?"

"ಹವಾಲ್ದಾರ."

ಅಂಗಳ ನಗುವಿನಿಂದ ಒಡೆದುಹೋಯಿತು. "ಪೊಲೀಸನ್ನ ಸಾಕ್ಷಿಗೆ ಕರೆದ ಮೊದಲ ರೋಂದಾ ನಮ್ದೇ ಕಣ್ರೋ!" ಅಂತ ಯಾರೋ ಕೂಗಿದ. ಅಬ್ದೋನನೂ ನಕ್ಕ. ಆಮೇಲೆ ಶಾಂತವಾಗಿ ಹೇಳಿದ, "ಹಕ್ಕಿ ಕೂಗಿದ್ದು ನಿಜ. ನಾನು ದಾರೀಲಿ ಹೋಗ್ತಿದ್ದೆ, ಕೂಗ್ತು. ತೂಬಿಗೆ ನಾನು ಇಳಿದಿಲ್ಲ. ಮಿಂಗಾ ದಿನ ಬಿಟ್ರೆ ಆ ಜರಿಯೊಳಗೆ ಕಾಲೇ ಇಟ್ಟಿಲ್ಲ. ಕುಮಾಗೆ ತಪ್ಪಾಗಿ ಕಂಡಿದೆ, ಮಂಜಿತ್ತು. ನನಗೇನೂ ಕೋಪ ಇಲ್ಲ."

ಆ 'ಕೋಪ ಇಲ್ಲ' ಇತ್ತಲ್ಲ, ಅದು ಕೋಪಕ್ಕಿಂತ ಕೆಟ್ಟದಾಗಿತ್ತು. ಜನ ಅವನ ಕಡೆ ವಾಲಿದರು. ಅವಳ ಮಗಳು ನೆಲಿದಾ ನೆಲ ನೋಡುತ್ತಾ ನಿಂತಳು.

"ಸಾಕ್ಷಿ ಹೇಳಿಕೆ ಕೊಡೋಕೆ ಇಳಿದು ಬರಲ್ಲ, ನಾವೇ ಹೋಗ್ಬೇಕು" ಅಂದಳು ಎತೆಲ್ವಿನಾ. ಜಾಗಕ್ಕೇ ಹೋಗಿ ನೋಡಬೇಕು ಅಂತ ದೂರಿದವರು ಕೇಳಿದರೆ ಇಲ್ಲ ಅನ್ನುವಂತಿಲ್ಲ. ನಲವತ್ತು ಜನ ಹತ್ತಿದೆವು. ಕ್ಲೋರಿಂದಾ ಹೇಸರಗತ್ತೆಯ ಮೇಲೆ ಕೂತು ದಾರಿಯುದ್ದಕ್ಕೂ, "ನನ್ನ ಬೀನ್ಸ್ ಒಣಗಿ ಜಪಸರದ ಮಣಿ ಆಗಿದೆ, ಬೇಕಾದ್ರೆ ಪೋಣಿಸ್ಕೊಳ್ಳಿ" ಅಂತ ಬೈಯುತ್ತಿದ್ದಳು.

ತಿರುವಿನಲ್ಲಿ ಎತೆಲ್ವಿನಾ ಎಲ್ಲರನ್ನೂ ದಾರಿಯ ಮೇಲೇ ನಿಲ್ಲಿಸಿದಳು. ಐದು ಜನರನ್ನು ಒಬ್ಬೊಬ್ಬರಾಗಿ ನಡೆದುಹೋಗಲು ಹೇಳಿದಳು. ಹಕ್ಕಿ ತುಟಿ ಪಿಟಕ್ಕೆನ್ನಲಿಲ್ಲ.

"ನೋಡಿ. ದಾರೀಲಿ ಹೋಗೋರನ್ನ ಅದು ಕೇಳಲ್ಲ. ಇದು ದಿನಾ ಜನ ಓಡಾಡೋ ದಾರಿ."

"ಇವತ್ತು ಕೂಗಲಿಲ್ಲ, ಅವತ್ತು ಕೂಗ್ತು" ಅಂದ ಅಬ್ದೋನ್. "ಹಕ್ಕಿ ಏನು ಗಡಿಯಾರನಾ ಕುಮಾ, ಹೊತ್ತಿಗೆ ಸರಿಯಾಗಿ ಹೊಡೆಯೋಕೆ?"

ಅದೂ ನಿಜವೇ ಅಂತ ಜನ ತಲೆಯಾಡಿಸಿದರು. ನಾನೂ ಆಡಿಸಿದೆ, ಸುಳ್ಳು ಯಾಕೆ ಹೇಳಲಿ. ಕೋಲು ಹೋಯಿತು ಅಂದುಕೊಂಡೆ.

ಅವಳು ಕೋಲನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಅವನ ಮುಂದೆ ನಿಂತಳು. "ಸರಿ ಕುಂಪಾ. ಒಂದೇ ಒಂದು ಉಪಕಾರ ಮಾಡಿ. ಕೆಳಗಿಳಿದು ತೂಬಿನ ಹಲಗೆ ಮುಟ್ಟಿ ಬನ್ನಿ. ಇಳಿದ್ರೆ ಹಕ್ಕಿ ಹೇಗೆ ಕೂಗುತ್ತೆ ಅಂತ ಎಲ್ರೂ ಕೇಳ್ಕೊಳ್ಳಲಿ. ಆಮೇಲೆ ಈ ಕೋಲು ನಿಮ್ಮ ಕೈಗೆ ಕೊಟ್ಟು ಮನೆಗೆ ಹೋಗ್ತೀನಿ."

"ಅಷ್ಟೇ ತಾನೆ?" ಅಂದ. ಪೊಂಚೋ ಹೆಗಲ ಮೇಲೆ ಮಡಚಿ ಹಾಕಿಕೊಂಡು ಇಳಿದ. ಮೊಳಕಾಲುದ್ದ ಜರಿ, ನೆಲ ಕಾಣುವುದಿಲ್ಲ. ಹಕ್ಕಿಗಳು ಎರಡೂ ಎಲ್ಲಿಂದಲೋ ಎದ್ದುಬಂದು ಅವನ ತಲೆಯ ಸುತ್ತ ಬೈಯತೊಡಗಿದವು. ಅವನು ನಮ್ಮ ಕಡೆ ತಿರುಗಿ, ಕೈಯೆತ್ತಿ, "ಏನ್ ಬೈತಾವಪ್ಪ, ನಮ್ಮತ್ತೆ ಹಾಗೆ!" ಅಂದ. ಜನ ನಕ್ಕರು. ಒಂದು ಹೆಜ್ಜೆ, ಎರಡು, ಮೂರು. ನಾಲ್ಕನೆಯದಕ್ಕೆ ಅವನ ಬಲಗಾಲು ಎತ್ತರಕ್ಕೆ ಎದ್ದಿತು. ನಡುಮನೆಯಲ್ಲಿ ಮಲಗಿದ ಮಗುವನ್ನು ದಾಟುವಾಗ ಎತ್ತುತ್ತೀವಲ್ಲ, ಹಾಗೆ. ಉದ್ದಕ್ಕೆ ಹೋಗಿ ಆಚೆ ಇಳಿಯಿತು. ಅವನ ಮುಖ ನಮ್ಮ ಕಡೆಯೇ ಇತ್ತು, ಬಾಯಿ ನಗುತ್ತಲೇ ಇತ್ತು. ಕಾಲು ಮಾತ್ರ ತನ್ನ ಪಾಡಿಗೆ ತನಗೆ ಗೊತ್ತಿದ್ದನ್ನು ಮಾಡಿತ್ತು.

"ಅಲ್ಲೇ ನಿಲ್ಲಿ ಕುಂಪಾ."

ನಿಂತ.

"ಏನನ್ನ ದಾಟಿದ್ರಿ?"

ಅವನು ಹಿಂದೆ ನೋಡಿದ. ನಾವೆಲ್ಲ ನೋಡಿದೆವು. ಜರಿ, ಬರೀ ಜರಿ. ಎತೆಲ್ವಿನಾ ಇಳಿದುಹೋಗಿ, ಆ ಮೂರು ಬೆರಳಿನ ಕೈಯಿಂದ ಎಲೆ ಸರಿಸಿದಳು. ಪಾಚಿ, ಒಣಗಿದ ತರಗು ಸೇರಿಸಿ ಕಟ್ಟಿದ ಒಂದು ಉಂಡೆ, ಪಕ್ಕದಲ್ಲಿ ಬಾಗಿಲು. ಒಳಗೆ ಎರಡು ಮೊಟ್ಟೆ, ಕ್ಲೋರಿಂದಾಳ ಬೀನ್ಸ್ ಕಾಳಿಗಿಂತ ತುಸು ದೊಡ್ಡವು.

"ಮಿಂಗಾ ದಿನ ಈ ಗೂಡು ಇರ್ಲಿಲ್ಲ" ಅಂದಳು, ಗಂಟಲು ಏರಿಸದೆ. "ನಾನು ಯಾರಿಗೂ ತೋರಿಸಿಲ್ಲ. ದಾರೀಲಿ ನಿಂತ ನಿಮಗೆ ಯಾರಿಗೂ ಕಾಣಲಿಲ್ಲ. ತೂಬಿಗೆ ಇಳಿದವನಿಗೆ ಮಾತ್ರ ಇಲ್ಲೊಂದು ಗೂಡಿದೆ ಅಂತ ಗೊತ್ತು. ಗುರುವಾರ ಇಳಿದವನೂ ಹೀಗೇ ಕಾಲೆತ್ತಿ ದಾಟಿದ್ದ. ಇದೇ ನನ್ನ ಎರಡನೇ ಸಾಕ್ಷಿ."

ಅಬ್ದೋನ್ ಬಾಯಿಯ ಮನುಷ್ಯ. ಬೇಕಾದರೆ ಹತ್ತು ಕಾರಣ ಹೇಳಿ ನಮ್ಮಲ್ಲಿ ಅರ್ಧ ಜನರನ್ನು ನಂಬಿಸಬಹುದಿತ್ತು. ಹೇಳಲಿಲ್ಲ. ಟೊಪ್ಪಿ ತೆಗೆದ. ತಲೆ ಎಷ್ಟು ಬೋಳಾಗಿದೆ ಅಂತ ಅವತ್ತೇ ನಾನು ನೋಡಿದ್ದು.

"ಹಲಗೆ ಎತ್ತಿದ್ದು ನಾನೇ" ಅಂದ. "ಕಬ್ಬು ಕಣ್ಣೆದುರಿಗೇ ಬಾಡ್ತಿತ್ತು. ಅಧ್ಯಕ್ಷ ಅಲ್ವಾ, ಒಂದು ಸಲ ನಡೆಯುತ್ತೆ ಅಂದ್ಕೊಂಡೆ. ಗೂಡು ಮೆಟ್ಟೋಕೆ ಮಾತ್ರ ಮನಸ್ಸು ಬರ್ಲಿಲ್ಲ ಕಣ್ರಪ್ಪ."

"ಹಕ್ಕಿ ಮೊಟ್ಟೆ ಮೇಲೆ ಕನಿಕರ, ನನ್ನ ಬೀನ್ಸ್ ಮೇಲೆ ಇಲ್ಲ!" ಅಂತ ಕ್ಲೋರಿಂದಾ ಹೇಸರಗತ್ತೆಯ ಮೇಲಿಂದಲೇ ಕಿರುಚಿದಳು. "ನಾನೂ ಮೂರು ಪಟ್ಟೆ ಬಳ್ಕೊಂಡು ಕೂತಿದ್ರೆ ದಾಟ್ತಿದ್ನೇನೋ ಗಂಡು!"

ಆಗ ನಕ್ಕೆವು, ಅಬ್ದೋನ್ ಸಮೇತ. ತೀರ್ಪು ಅಲ್ಲೇ, ಕಾಲುವೆಯ ದಂಡೆಯ ಮೇಲೆ ಆಯಿತು. ಅವನ ಮುಂದಿನ ಎರಡು ಸರದಿ ಕ್ಲೋರಿಂದಾಗೆ. ಮತ್ತು ಏಳು ದಿನ, ಬೆಳಿಗ್ಗೆ ಸಂಜೆ, ನೀರುಗಂಟಿಯ ಗುದ್ದಲಿ ಹೊತ್ತು ಅವಳ ಹಿಂದೆ ಕಾಲುವೆ ನಡೆಯಬೇಕು. ಮುಂದೆ ಅಲ್ಲ, ಪಕ್ಕ ಅಲ್ಲ, ಹಿಂದೆ. ನಾನು ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಬರೆದೆ. ಈ ಸಲ ಒಂದಕ್ಷರವನ್ನೂ ಹೊಡೆದು ಹಾಕಲಿಲ್ಲ.

ಇಳಿಯುವಾಗ ನಾನು ಅವಳನ್ನು ಕೇಳಿದೆ. "ಅಲ್ಲವ್ವ, ಅವನು ಮೆಟ್ಟಿಬಿಟ್ಟಿದ್ರೆ?"

"ಮೆಟ್ಟಿದ್ರೆ ಮೊಟ್ಟೆ ಹೋಗ್ತಿತ್ತು, ಕೋಲೂ ಹೋಗ್ತಿತ್ತು. ಎರಡೂ ಪಣಕ್ಕಿಟ್ಟೇ ಇಳಿಸಿದ್ದು." ಸ್ವಲ್ಪ ದೂರ ನಡೆದು, "ನಮ್ಮ ನೆಲಿದಾಳ ತಲೆ ಹಿಡಿದ ಮನುಷ್ಯ. ಕಳ್ಳ ಇರ್ಬಹುದು, ಗೂಡು ಮೆಟ್ಟೋನಲ್ಲ. ಅಷ್ಟು ನನಗೆ ಗೊತ್ತಿತ್ತು" ಅಂದಳು.

ಮರುದಿನದಿಂದ ಊರಿಗೆ ಊರೇ ಬಾಗಿಲಲ್ಲಿ ನಿಂತು ನೋಡಿತು. ಮುಂದೆ ಕುಳ್ಳಿ, ಕರೀ ಕೋಲು. ಹಿಂದೆ ಆರಡಿ ಆಳು, ಗುದ್ದಲಿ. ಲಾರಿಯ ಎದುರು ನಿಂತ ಅದೇ ಎದೆ. ಅವನು ತಲೆ ತಗ್ಗಿಸಲಿಲ್ಲ, ಅದನ್ನೂ ಹೇಳಬೇಕು. ಯಾರಾದರೂ ಗೇಲಿ ಮಾಡಿದರೆ, "ನಾನೇ ಮಾಡಿದ ನಿಯಮ ಕಣ್ರೋ, ಚೆನ್ನಾಗಿ ಕೆಲಸ ಮಾಡುತ್ತೆ!" ಅನ್ನುತ್ತಿದ್ದ. ಕಂಪನಿಯವರಿಗೆ ಸುದ್ದಿ ಮುಟ್ಟಿತೋ ಇಲ್ಲವೋ, ಹಬ್ಬ ಮಾಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ಪಕ್ಕದ ಮೂರು ಕಣಿವೆಗಳಿಗೆ ಮುಟ್ಟಿತು. ಉಂಬ್ರಿಯಾದವರು ತಮ್ಮ ಅಧ್ಯಕ್ಷನನ್ನೇ ಗುದ್ದಲಿ ಹೊರಿಸಿದರಂತೆ ಅಂತ ಅಲ್ಲಿಯವರು ಹೇಳಿಕೊಂಡರು. ಸೇತುವೆ ಗೆದ್ದ ದಿನ ನನಗೆ ಹೆಮ್ಮೆಯಾಗಿತ್ತು. ಆದರೆ ಅವತ್ತು ಎದುರಿಗಿದ್ದವರು ಹೊರಗಿನವರು, ಅವರನ್ನು ಬೈಯಲು ಏನು ಕಷ್ಟ? ಈ ಏಳು ದಿನದ ಹೆಮ್ಮೆಯೇ ಬೇರೆ.

ಏಳು ಅಂದೆ, ನಡೆದದ್ದು ಆರೇ. ಆರನೇ ದಿನ ಸಂಜೆ ಎತೆಲ್ವಿನಾ ಮತ್ತೆ ನನ್ನ ಬಾಗಿಲಿಗೆ ಬಂದಳು.

"ನಾಳೆಯದು ಹೊಡೆದು ಹಾಕಿ. ಸಾಕು ಇವನಿಗೆ."

"ಕರುಣೆ ಬಂತೇನವ್ವ?"

"ಕರುಣೆ ಎಂಥದ್ದು? ದಿನಾ ನನ್ನ ಹಿಂದೆ ಬಂದು ಬಂದು ಹವಾಲ್ದಾರನಿಗೆ ಇವನ ಹೆಜ್ಜೆಯೂ ರೂಢಿ ಆಗ್ತಿದೆ. ಇವತ್ತು ಎರಡೇ ಸಲ ಚಿಟ್ ಅಂತು. ಇನ್ನೊಂದು ದಿನ ನಡೆಸಿದ್ರೆ ಮನೆಯವನೇ ಅಂದ್ಕೊಳ್ಳುತ್ತೆ. ಆಮೇಲೆ ಇವನು ಹಲಗೆ ಎತ್ತಿದ್ರೆ ನನಗೆ ಹೇಳೋರು ಯಾರು?"

ಸಭೆ ಒಪ್ಪಿತು. ಶಿಕ್ಷೆಯಲ್ಲಿ ಒಂದು ದಿನ ಕಡಿಮೆ, ಕಾರಣ ಹಕ್ಕಿ, ಅಂತ ನಾನೇ ಪುಸ್ತಕದಲ್ಲಿ ಬರೆದಿದ್ದೇನೆ.

ಎತೆಲ್ವಿನಾಗೆ ಈಗ ಅರವತ್ತೆಂಟು. ಕೋಲು ಇನ್ನೂ ಅವಳ ಕೈಯಲ್ಲೇ ಇದೆ. ಜನವರಿಯ ಮಿಂಗಾದಲ್ಲಿ ತಿರುವಿನ ಆ ಹತ್ತು ಮಾರು ಜರಿಯನ್ನು ಯಾರೂ ಮುಟ್ಟುವುದಿಲ್ಲ. ಹೊಸದಾಗಿ ಮಚ್ಚು ಹಿಡಿದವರು ಅತ್ತ ಹೋದರೆ ಮೊದಲು ಗದರುವವನು ಅಬ್ದೋನ್. ಪಟ್ಟಣದವರು ಫೋಟೋ ತೆಗೆಯಲು ಬಂದಾಗ ಅವನು ಪೊಂಚೋ ಸರಿಮಾಡಿಕೊಂಡು ನಿಲ್ಲುತ್ತಾನೆ, ಅದು ಅವನಿಗೆ ಇಷ್ಟ. ತೆಗೆಸಿಕೊಂಡಾದ ಮೇಲೆ ಬೆಟ್ಟದ ಕಡೆ ಗಲ್ಲ ಎತ್ತಿ ತೋರಿಸುತ್ತಾನೆ. "ನಮ್ಮ ನೀರುಗಂಟಿ ಅಲ್ಲಿದಾಳೆ. ಕಂಪನಿಯವರು ನನ್ನ ಹಿಡಿಯೋಕೆ ಆಗ್ಲಿಲ್ಲ, ಅವಳು ಹಿಡಿದಳು. ಹೋಗಿ ನೋಡ್ಕೊಂಡು ಬನ್ನಿ. ದಾರಿ ಬಿಟ್ಟು ಇಳೀಬೇಡಿ ಮತ್ತೆ."